ಕಂದು ಧೂಳು

ನಮ್ಮ ಊರಿನಲ್ಲಿ ಕಡಲು ಮನೆಗಳ ಒಳಗಿದೆ. ಪ್ರತಿ ಮನೆಯ ಪಡಸಾಲೆಯಲ್ಲೂ ಗೋಡೆಯಿಂದ ಗೋಡೆಗೆ ಒಂದು ಗಾಜಿನ ತೊಟ್ಟಿ. ಅದರಲ್ಲಿ ಉಪ್ಪುನೀರು, ಮರಳು, ಕಲ್ಲು, ಕಲ್ಲಿನ ಮೇಲೆ ಜೀವವಿರುವ ಹವಳ. ಒಂದು ಮನೆಯ ತೊಟ್ಟಿ ತುಂಬಿದ ನೀರು ಗೋಡೆಯ ತೂತಿನಿಂದ ಕೆಳಗಿನ ಮನೆಯ ತೊಟ್ಟಿಗೆ ಇಳಿಯುತ್ತದೆ, ಅಲ್ಲಿಂದ ಅದರ ಕೆಳಗಿನ ಮನೆಗೆ. ಹೀಗೆ ಅರವತ್ತೆರಡು ಮನೆ ಹಾದು ಪಂಪಿನ ಕೋಣೆ ಸೇರಿ, ಮತ್ತೆ ಮೊದಲಿನ ಮನೆಗೆ ಏರುತ್ತದೆ. ಮೇಲಿನ ಮನೆಯ ಮೀನಿನ ಮರಿ ಕೆಳಗಿನ ಮನೆಗೆ ಬಂದುಬಿಟ್ಟರೆ ಅದನ್ನು ಹಿಂದಕ್ಕೆ ಕೇಳುವ ಕ್ರಮವಿಲ್ಲ. ಮದುವೆಯಾಗಿ ಬಂದ ಹುಡುಗಿಯ ಹಾಗೆ ಅದು ಇನ್ನು ಅಲ್ಲಿಯದೇ.

ನನ್ನ ಕೆಲಸ ಪಾಚಿ ನೋಡುವುದು. ತೊಟ್ಟಿಯಲ್ಲಿ ಬೇಡದ್ದೇನಾದರೂ ಬೆಳೆದರೆ ನನಗೆ ಹೇಳಿಕಳಿಸುತ್ತಾರೆ. ನಾನು ಹೋಗಿ ನೋಡಿ, ಮುಟ್ಟಿ, ಮೂಸಿ, ಅದು ಯಾವುದೆಂದು ಹೇಳಬೇಕು. ಇದನ್ನು ಕಲಿಸಿದವಳು ನನ್ನ ಸೋದರತ್ತೆ. ಚಂಚಲಾಕ್ಷಿ ಎಂದು ಹೆಸರಿರುವವಳಿಗೆ ಕಣ್ಣು ನಿಲ್ಲಿಸುವ ಕೆಲಸ ಕಲಿಸಬೇಕಾಯಿತಲ್ಲ ಎಂದು ಅವಳು ನಗುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷ ನಾನೊಬ್ಬಳೇ ನೋಡಿದ್ದೇನೆ.

ಹೆಚ್ಚಿನ ಪಾಚಿಗಳು ಹೆದರುವಂಥವಲ್ಲ. ಹಸಿರು ಕೂದಲಿನ ಹಾಗೆ ಬೆಳೆಯುವುದು ಮೀನಿಗೆ ಅತಿಯಾಗಿ ತಿನ್ನಿಸುವ ಮನೆಗಳಲ್ಲಿ. ಮೊಮ್ಮಕ್ಕಳಿರುವ ಮನೆ ಯಾವುದು ಎಂದು ಅದನ್ನು ನೋಡಿಯೇ ಹೇಳಬಹುದು. ಹಸಿರು ಗುಳ್ಳೆಗಳಾಗಿ ಕಲ್ಲಿಗೆ ಅಂಟುವುದನ್ನು ನೀರಿನೊಳಗೆ ಒಡೆಯಬಾರದು, ಕಲ್ಲನ್ನೇ ಹೊರಗೆ ತೆಗೆದು ಬಿಡಿಸಬೇಕು. ನೀರು ನಿಂತ ಮೂಲೆಗಳಲ್ಲಿ ಕೆಂಪು ಚಾದರದಂತೆ ಹಾಸಿಕೊಳ್ಳುವುದು ಇನ್ನೊಂದುಂಟು, ತುದಿ ಹಿಡಿದೆತ್ತಿದರೆ ಹಾಳೆಯಾಗಿ ಏಳುತ್ತದೆ, ಕೆಟ್ಟ ವಾಸನೆ. ಇವಕ್ಕೆಲ್ಲ ದಾರಿ ಇದೆ. ಹೆದರಬೇಕಾದ್ದು ಒಂದಕ್ಕೇ, ಎಳೆಲೋಳೆಗೆ. ಅದು ಕಂದು ಬಣ್ಣದ್ದು. ಸಿಂಬಳದಂತೆ ಹವಳದ ತುದಿಗಳಿಂದ ಎಳೆ ಎಳೆಯಾಗಿ ಜೋತುಬೀಳುತ್ತದೆ, ಎಳೆಯ ಕೊನೆಯಲ್ಲಿ ಗಾಳಿಗುಳ್ಳೆ ಹಿಡಿದುಕೊಂಡಿರುತ್ತದೆ. ಅದನ್ನು ಮೇಯ್ದ ಬಸವನಹುಳು ಸಾಯುತ್ತದೆ. ಕೊನೆಗೆ ಹವಳವೂ ಸಾಯುತ್ತದೆ.

ಎಳೆಲೋಳೆ ಬಂದ ಮನೆಯನ್ನು ಮುಚ್ಚಬೇಕು. ಗೋಡೆಯ ಎರಡೂ ತೂತುಗಳಿಗೆ ಜೇಡಿ ಮೆತ್ತಿ, ಮೇಲಿನ ಮನೆಯಿಂದ ಕೆಳಗಿನ ಮನೆಗೆ ಹೊರಗಿನಿಂದಲೇ ಪೈಪು ಎಳೆಯುತ್ತಾರೆ. ನೀರು ಹರಿಯದ ಮನೆಯಲ್ಲಿ ಜನ ಇರುವ ಹಾಗಿಲ್ಲ. ಅವರು ಅದೇ ದಿನ ಸೂರ್ಯ ಮುಳುಗುವುದರೊಳಗೆ ಉಪ್ಪಿನ ಬಯಲು ಹಿಡಿದು ಊರು ಬಿಡಬೇಕು. ನನ್ನ ಕಾಲದಲ್ಲಿ ಎರಡು ಮನೆ ಮುಚ್ಚಿದ್ದರು. ಎರಡನ್ನೂ ನಾನೇ ನೋಡಿ ಹೇಳಿದ್ದು, ಎರಡೂ ಸರಿಯಾಗಿತ್ತು. ಹೋದವರ ಸುದ್ದಿ ಯಾರಿಗೂ ಬರಲಿಲ್ಲ, ಯಾರೂ ಕೇಳಲಿಲ್ಲ.

ಕಷ್ಟವೇನೆಂದರೆ ಕಂದು ಬಣ್ಣದ್ದು ಇನ್ನೊಂದೂ ಇದೆ. ಅದನ್ನು ನಾವು ಕಂದು ಧೂಳು ಎನ್ನುತ್ತೇವೆ. ಹೊಸ ಮರಳು, ಹೊಸ ಕಲ್ಲು ಹಾಕಿದ ತೊಟ್ಟಿಯಲ್ಲಿ ಅದು ಬಂದೇ ಬರುತ್ತದೆ. ಮರಳಿನ ಮೇಲೆ, ಗಾಜಿನ ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿದ ಹಾಗೆ ಕೂರುತ್ತದೆ, ಒಂದೂವರೆ ತಿಂಗಳಿನಲ್ಲಿ ತನ್ನಷ್ಟಕ್ಕೆ ಹೋಗುತ್ತದೆ. ಮಗುವಿಗೆ ಹಲ್ಲು ಬರುವಾಗಿನ ಜ್ವರ ಇದ್ದಂತೆ.

ನನ್ನ ಮನೆಯಿಂದ ಮೇಲಿನ ಎರಡನೇ ಮನೆ ಉಗ್ಗಪ್ಪಣ್ಣನದು. ಊರಿನಲ್ಲಿ ಗಾಜು ಕೂರಿಸುವವರು ಅವರೊಬ್ಬರೇ. ಅರ್ಧ ಊರಿನ ತೊಟ್ಟಿಗಳನ್ನು ಅವರೇ ಕಟ್ಟಿದ್ದು, ಆದರೆ ಅವರ ಮನೆಯದು ಮಾತ್ರ ಅವರ ಅಜ್ಜನ ಕಾಲದ್ದು. ಅದರ ಮೂಲೆಯಲ್ಲಿ ಗೆರೆ ಬಿಟ್ಟು ಎರಡು ವರ್ಷವಾಗಿದ್ದರೂ ಬೇರೆಯವರ ಕೆಲಸ ಮುಗಿಯಲಿ ಎಂದು ಮುಂದೆ ಹಾಕುತ್ತಲೇ ಬಂದಿದ್ದರು. ಆ ವರ್ಷದ ಸೆಕೆಗಾಲದಲ್ಲಿ ಅದು ಒಡೆಯಿತು. ಅವರ ಹೆಂಡತಿ ಗುಲಾಬಿ ಮೀನುಗಳನ್ನೂ ಹವಳಗಳನ್ನೂ ಬಕೆಟಿನಲ್ಲಿ ತುಂಬಿ, ಕುಂಟುತ್ತ ಹತ್ತು ಸಲ ಓಡಾಡಿ ಕೆಳಗಿನ ಮನೆಯ ರಾಜೀವಿಯ ತೊಟ್ಟಿಯಲ್ಲಿ ಬಿಟ್ಟಳು. ಗುಲಾಬಿಯ ಎಡಗಾಲು ಚಿಕ್ಕಂದಿನ ಜ್ವರದಲ್ಲಿ ಬಡವಾದದ್ದು. ರಾಜೀವಿಯೂ ಅವಳೂ ಗೋಡೆಯ ಆಚೆ ಈಚೆ ನಿಂತು ದಿನವಿಡೀ ಮಾತಾಡುತ್ತಿದ್ದವರು, ಎರಡು ವಾರ ಅವಳ ಹವಳಗಳನ್ನು ರಾಜೀವಿ ತನ್ನದರ ಹಾಗೆಯೇ ನೋಡಿಕೊಂಡಳು. ಅಷ್ಟು ದಿನ ನೀರನ್ನು ಪಡಸಾಲೆಯೊಳಗೇ ಪೈಪಿನಲ್ಲಿ ದಾಟಿಸಿ ಉಗ್ಗಪ್ಪಣ್ಣ ಹೊಸ ಗಾಜು ಕೂರಿಸಿದರು. ಹೊಸ ಮರಳು ಬಂತು, ಹೊಸ ಕಲ್ಲು ಬಂತು. ಹವಳಗಳು ಮನೆಗೆ ಹಿಂತಿರುಗಿದವು.

ಹದಿನೈದು ದಿನಕ್ಕೆ ಗುಲಾಬಿ ನನಗೆ ಹೇಳಿಕಳಿಸಿದಳು.

"ಚಂಚಲಕ್ಕ, ಸ್ವಲ್ಪ ನೋಡಿ. ನಂಗೆ ಎಂತದೋ ಹೆದರಿಕೆ ಆಗ್ತಾ ಉಂಟು," ಎಂದಳು. ನಾನು ಒಳಗೆ ಕಾಲಿಡುವ ಮೊದಲೇ ತಟ್ಟೆಯಲ್ಲಿ ಚಟ್ಟಂಬಡೆ ತಂದು ಇಟ್ಟಿದ್ದಳು. ಹೆದರಿಕೆಯಾದರೆ ಅವಳಿಗೆ ಯಾರಿಗಾದರೂ ತಿನ್ನಲು ಕೊಡಬೇಕು.

ತೊಟ್ಟಿಯ ಮರಳು ಕಂದಾಗಿತ್ತು. ನಾನು ಮೊಣಕೈವರೆಗೆ ಕೈ ಮುಳುಗಿಸಿ ಚಿಟಿಕೆ ಎತ್ತಿ ಎರಡು ಬೆರಳಿನ ನಡುವೆ ತಿಕ್ಕಿದೆ. ಲೋಳೆಯಾದರೆ ಬೆರಳು ಬಿಡಿಸುವಾಗ ಎಳೆ ಬರುತ್ತದೆ. ಇದು ಪುಡಿಯಾಗಿ ನೀರಿನಲ್ಲಿ ಚದುರಿತು. ಆದರೂ ಅತ್ತೆ ಕಲಿಸಿದ ಪರೀಕ್ಷೆಯನ್ನು ಬಿಡಲಿಲ್ಲ. ಕೆರೆದದ್ದನ್ನು ಸೀಸೆಯ ನೀರಿಗೆ ಹಾಕಿ ಚೆನ್ನಾಗಿ ಕುಲುಕಿ, ಎರಡು ಮಡಿಕೆ ತೆಳು ಬಟ್ಟೆಯಲ್ಲಿ ಸೋಸಿ, ಸೋಸಿದ ನೀರನ್ನು ಗಾಜಿನ ಲೋಟದಲ್ಲಿ ಬಿಸಿಲಿಗೆ ಇಡಬೇಕು. ಎಳೆಲೋಳೆಯ ಜೀವಗಳು ಬಟ್ಟೆಯನ್ನು ದಾಟಿ ಬರುತ್ತವೆ, ಒಂದು ಗಂಟೆಯೊಳಗೆ ಮತ್ತೆ ಒಂದನ್ನೊಂದು ಹುಡುಕಿಕೊಂಡು ಎಳೆ ಕಟ್ಟುತ್ತವೆ. ಧೂಳು ಕಟ್ಟುವುದಿಲ್ಲ. ನಾವಿಬ್ಬರೂ ಜಗಲಿಯಲ್ಲಿ ಕುಳಿತು ಲೋಟವನ್ನು ಕಾಯುತ್ತ ಒಂದು ಗಂಟೆ ಕಳೆದೆವು. ಗುಲಾಬಿ ತನ್ನ ಮೀನುಗಳ ಹೆಸರು ಹೇಳಿದಳು. ಒಂದಕ್ಕೆ ತನ್ನ ದೊಡ್ಡಮ್ಮನ ಹೆಸರಿಟ್ಟಿದ್ದಳು, ಅದರ ಬಾಯಿ ಹಾಗೇ ಉಂಟು ಎಂದು. ಲೋಟದ ನೀರು ತಿಳಿಯಾಗಿಯೇ ಉಳಿಯಿತು.

"ಧೂಳು," ಎಂದೆ. "ಹೊಸ ಮರಳಿಂದು. ಮುಟ್ಟಲಿಕ್ಕೆ ಹೋಗ್ಬೇಡ, ತನ್ನಿಂದ ತಾನೇ ಹೋಗ್ತದೆ."

ಗುಲಾಬಿ ಸೆರಗಿನಿಂದ ಮುಖ ಒರೆಸಿಕೊಂಡು, "ಮರಳನ್ನ ಸರಿ ತೊಳೀಲಿಲ್ಲ ಕಾಣ್ತದೆ ನಾನು," ಎಂದಳು.

"ಹಾಗೆಂತದೂ ಇಲ್ಲ ಮಾರಾಯ್ತಿ," ಎಂದು ಇನ್ನೊಂದು ಚಟ್ಟಂಬಡೆ ತಿಂದು ಬಂದೆ.

ಆದರೆ ಅವರ ತೊಟ್ಟಿ ಕಂದಾಗಿದೆ ಎಂಬ ಸುದ್ದಿ ನನಗಿಂತ ಮೊದಲೇ ಬೀದಿಯಲ್ಲಿತ್ತು. ಮರುದಿನ ರಾಜೀವಿ ತನ್ನ ತೊಟ್ಟಿಯನ್ನು ತಿಕ್ಕತೊಡಗಿದಳು. ಗಾಜು ತಿಕ್ಕಿದಳು, ಕಲ್ಲುಗಳನ್ನು ಹಲ್ಲುಜ್ಜುವ ಬ್ರಷಿನಿಂದ ಉಜ್ಜಿದಳು, ಮೀನಿಗೆ ಹಾಕುವುದನ್ನು ಅರ್ಧ ಮಾಡಿದಳು. ಅವಳನ್ನು ನೋಡಿ ಅವಳ ಎದುರಿನವರು, ಅವರನ್ನು ನೋಡಿ ಮತ್ತೊಬ್ಬರು. ವಾರದೊಳಗೆ ಊರಿನ ತೊಟ್ಟಿಗಳೆಲ್ಲ ಕನ್ನಡಿಯಂತೆ ಹೊಳೆಯತೊಡಗಿದವು. ನಾನು ಮಾತ್ರ ತಿಕ್ಕಲಿಲ್ಲ. ಬೇರೆಯವರ ತೊಟ್ಟಿ ನೋಡಿ ಬಂದ ಮೇಲೆ ನನ್ನದನ್ನು ನೋಡುವ ಮನಸ್ಸು ನನಗೆ ಎಂದೂ ಇರಲಿಲ್ಲ. ನನ್ನ ಗಾಜು ವರ್ಷವಿಡೀ ಹಸಿರುಗಟ್ಟಿಯೇ ಇರುತ್ತದೆ.

ಹತ್ತನೇ ದಿನ ಗುಲಾಬಿಯ ತೊಟ್ಟಿಯಲ್ಲಿ ಎರಡು ಬಸವನಹುಳು ಸತ್ತವು. ರಾಜೀವಿ ಅದನ್ನು ಕಿಟಕಿಯಿಂದ ನೋಡಿದಳು. ಅಂದೇ ಸಂಕಪ್ಪ ಗುರಿಕಾರರು ಜನ ಸೇರಿಸಿದರು. ನೀರಿನ ಮೊದಲ ಮನೆ ಗುರಿಕಾರರದು, ಮನೆ ಮುಚ್ಚುವ ಮಾತು ಹೇಳಬೇಕಾದವರೂ ಅವರೇ. ಕೆಟ್ಟ ಮನುಷ್ಯರಲ್ಲ. ನನ್ನ ಗಂಡ ಸತ್ತಾಗ ಹೆಣ ಹೊತ್ತವರಲ್ಲಿ ಅವರೂ ಒಬ್ಬರು.

ಆ ದಿನ ಬೆಳಗಿನಿಂದ ಮೋಡ. ನಾನು ಮತ್ತೆ ಗುಲಾಬಿಯ ಮನೆಗೆ ಹೋಗಿ ಕೆರೆದು, ಕುಲುಕಿ, ಸೋಸಿ, ಲೋಟವನ್ನು ಅಂಗಳದ ಕಟ್ಟೆಯ ಮೇಲಿಟ್ಟೆ. ಬಿಸಿಲಿಲ್ಲದೆ ಈ ಪರೀಕ್ಷೆಗೆ ಅರ್ಥವಿಲ್ಲ. ಜನ ಅಂಗಳದ ತುಂಬ ನಿಂತಿದ್ದರು. ಉಗ್ಗಪ್ಪಣ್ಣ ಬಾಗಿಲಿಗೆ ಒರಗಿ ನನ್ನ ಮುಖವನ್ನೇ ನೋಡುತ್ತಿದ್ದರು.

"ಗುರಿಕಾರ್ರೆ, ನಾಳೆ ಬಿಸಿಲು ಬಂದ್ರೆ ಹೇಳ್ತೇನೆ," ಎಂದೆ.

"ನಾಳೆ ಅನ್ನುವಾಗ ನೀರು ಇಡೀ ಊರು ಸುತ್ತಿ ಬರ್ತದೆ ಚಂಚಲಾಕ್ಷಿ. ನೀನು ಮೊದ್ಲು ಧೂಳು ಅಂದಿದ್ದಿ. ಈಗ ಹುಳ ಸತ್ತಿದೆ. ಧೂಳಲ್ಲಿ ಹುಳ ಸಾಯ್ತದಾ?"

"ಹೊಸ ನೀರಿಗೂ ಸಾಯ್ತದೆ. ನೀರು ಹದಕ್ಕೆ ಬರುವವರೆಗೆ ಒಂದೆರಡು ಸಾಯುದು ಉಂಟು."

"ಹಾಗಾದ್ರೆ ಧೂಳೇ? ನೂರಕ್ಕೆ ನೂರು?"

ನಾನು ಆಗಲೇ ಚಿಟಿಕೆ ಮುಟ್ಟಿ ನೋಡಿದ್ದೆ. ಪುಡಿಯಾಗಿತ್ತು. ಎಳೆ ಬಂದಿರಲಿಲ್ಲ. ಇಪ್ಪತ್ತೆರಡು ವರ್ಷದ ನನ್ನ ಬೆರಳಿಗೆ ಬಿಸಿಲು ಬೇಕಿರಲಿಲ್ಲ. ಹೌದು, ಧೂಳು ಎನ್ನುವುದಷ್ಟೇ ಉಳಿದಿತ್ತು. ಆಗ ಒಂದು ಲೆಕ್ಕ ನನ್ನ ತಲೆಯೊಳಗೆ ತಾನಾಗಿ ನಡೆದುಹೋಯಿತು. ಇಲ್ಲದ್ದನ್ನು ಇದೆ ಎಂದ ನೋಟಗಾರ್ತಿಯನ್ನು ಈ ಊರಿನಲ್ಲಿ ಯಾರೂ ಪ್ರಶ್ನಿಸಿದ್ದಿಲ್ಲ. ಇದ್ದದ್ದನ್ನು ಇಲ್ಲ ಎಂದವಳನ್ನು ಬಿಡುವುದಿಲ್ಲ. ಈ ಮನೆಯಿಂದ ಎರಡೇ ಮನೆ ಕೆಳಗೆ ನನ್ನ ತೊಟ್ಟಿ. ರಾಜೀವಿ ಜನರ ನಡುವಿನಿಂದ ನನ್ನನ್ನು ನೋಡುತ್ತಿದ್ದಳು.

"ಖಂಡಿತ ಅಂತ ಹೇಳ್ಲಿಕ್ಕೆ ಆಗುದಿಲ್ಲ," ಎಂದೆ.

ಅಷ್ಟೇ. ನಾನು ಸುಳ್ಳು ಹೇಳಲಿಲ್ಲ. ಯಾವ ಪಾಚಿಯನ್ನೂ ಯಾವ ನೋಟಗಾರ್ತಿಯೂ ನೂರಕ್ಕೆ ನೂರು ಎಂದು ಹೇಳಲಾರಳು. ಗುರಿಕಾರರು ತಲೆಯಾಡಿಸಿ ಜೇಡಿ ಕಲಸಲು ಹೇಳಿದರು.

ಗುಲಾಬಿ ಅಳಲಿಲ್ಲ. ಒಳಗೆ ಹೋಗಿ ತೊಟ್ಟಿಯ ಮುಂದೆ ಕುಳಿತು ಮೀನುಗಳಿಗೆ ಇದ್ದ ಆಹಾರವನ್ನೆಲ್ಲ ಹಾಕಿದಳು. ಉಗ್ಗಪ್ಪಣ್ಣ ಗಾಜು ಕೊಯ್ಯುವ ಸಾಮಾನಿನ ಚೀಲ, ಒಂದು ಚಾಪೆ, ಒಂದು ಪಾತ್ರೆ ಕಟ್ಟಿಕೊಂಡರು. ಹಿಂದೆಂದೂ ಮನೆ ಮುಚ್ಚುವಾಗ ನಾನು ಅಲ್ಲಿ ನಿಂತಿರಲಿಲ್ಲ. ಅಂದು ನಿಂತೆ. ನಾಲ್ಕು ಗಂಟೆಯ ಹೊತ್ತಿಗೆ ಮೋಡ ಒಡೆದು ಬಿಸಿಲು ಬಂತು. ಕಟ್ಟೆಯ ಮೇಲೆ ಲೋಟ ಅಲ್ಲೇ ಇತ್ತು. ಅವರಿಬ್ಬರೂ ಬೀದಿ ದಾಟಿ ಉಪ್ಪಿನ ಬಯಲಿಗೆ ಇಳಿದರು, ಮುಂದೆ ಅವರು, ಹಿಂದೆ ಕಾಲೆಳೆಯುತ್ತ ಅವಳು. ಜನ ಚದುರಿದರು. ಒಂದು ಗಂಟೆ ಬಿಟ್ಟು ನಾನು ಲೋಟ ನೋಡಿದೆ. ನೀರು ತಿಳಿಯಾಗಿತ್ತು. ಬಯಲಿನಲ್ಲಿ ಅವರಿನ್ನೂ ಎರಡು ಚುಕ್ಕಿಗಳಾಗಿ ಕಾಣುತ್ತಿದ್ದರು. ಕೂಗಿದರೆ ಕೇಳುತ್ತಿರಲಿಲ್ಲ, ಓಡಿದ್ದರೆ ಸಿಗುತ್ತಿದ್ದರು. ನಾನು ಲೋಟದ ನೀರನ್ನು ಅಂಗಳಕ್ಕೆ ಚೆಲ್ಲಿ ಮನೆಗೆ ಹೋದೆ.

ಮುಚ್ಚಿದ ಮನೆಯ ತೊಟ್ಟಿ ಕಿಟಕಿಯಿಂದ ಕಾಣುತ್ತಿತ್ತು. ನೀರು ಹರಿಯದೆ ಐದನೇ ದಿನಕ್ಕೆ ಮೀನುಗಳು ಮೇಲೆ ಬಂದವು. ಎಂಟನೇ ದಿನಕ್ಕೆ ಹವಳ ಬಿಳಿಚಿತು. ಕಂದು ಧೂಳು ಎಂದಿನಂತೆ ತನ್ನ ದಿನ ಮುಗಿಸಿ ಹೋಯಿತು. ಸತ್ತ ತೊಟ್ಟಿಯ ಮರಳು ತಿಂಗಳು ಕಳೆಯುವಷ್ಟರಲ್ಲಿ ಬೆಳ್ಳಗಾಗಿತ್ತು. ಅದನ್ನು ನೋಡಿದವಳು ನಾನೊಬ್ಬಳೇ. ಉಳಿದವರು ಆ ಕಿಟಕಿಯ ಮುಂದೆ ನಡೆಯುವಾಗ ನೆಲ ನೋಡುತ್ತಿದ್ದರು.

ಊರು ತಿಕ್ಕುವುದನ್ನು ನಿಲ್ಲಿಸಲಿಲ್ಲ. ಅಪಾಯ ಕಳೆಯಿತು ಎಂದು ಯಾರಿಗೂ ಅನಿಸಿರಲಿಲ್ಲ. ಒಬ್ಬರ ಮನೆ ಮುಚ್ಚಿದ ಮೇಲೆ ಮುಂದಿನದು ಯಾರದು ಎಂಬುದೇ ಎಲ್ಲರ ಯೋಚನೆ. ನಾನು ಎಲ್ಲಿಗೆ ಹೋದರೂ, "ಇಷ್ಟು ಉಜ್ಜಬೇಡಿ, ಮೀನಿಗೆ ಹಾಕುದು ಹಾಕಿ," ಎನ್ನುತ್ತಿದ್ದೆ. ಅವರು ತಲೆಯಾಡಿಸಿ ನಾನು ಹೊಸ್ತಿಲು ದಾಟಿದ ಕೂಡಲೇ ಬ್ರಷ್ ಎತ್ತಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ರಾಜೀವಿಯ ಮನೆಯ ಮುಂದಿನ ಚರಂಡಿಯಲ್ಲಿ ಬಸವನಹುಳುಗಳ ಚಿಪ್ಪು ಕಂಡೆ. ಒಂದೆರಡಲ್ಲ, ಹನ್ನೊಂದು. ಒಳಗೆ ಮಾಂಸ ಇನ್ನೂ ಇತ್ತು. ಬಾಗಿಲು ತಟ್ಟಿದೆ. ರಾಜೀವಿ ಅರ್ಧ ತೆರೆದು, "ಎಂತ ಚಂಚಲಕ್ಕ? ನಾನು ಹೇಳಿಕಳಿಸ್ಲಿಲ್ಲ ಅಲ್ವಾ," ಎಂದಳು. ಅವಳ ಹಿಂದೆ ತೊಟ್ಟಿಗೆ ಎರಡು ಸೀರೆ ಹೊದಿಸಿತ್ತು.

ನಾನು ಅವಳನ್ನು ದಾಟಿ ಹೋಗಿ ಸೀರೆ ಸರಿಸಿದೆ. ಹವಳದ ಪ್ರತಿ ತುದಿಯಿಂದ ಕಂದು ಎಳೆ ಜೋತುಬಿದ್ದಿತ್ತು, ಎಳೆಯ ತುದಿಗೆ ಗುಳ್ಳೆ. ಲೋಟ, ಬಟ್ಟೆ, ಬಿಸಿಲು ಯಾವುದೂ ಬೇಕಿರಲಿಲ್ಲ. ಆದರೂ ಮಾಡಿದೆ. ಸೋಸಿದ ನೀರನ್ನು ಅವಳ ಮೆಟ್ಟಿಲ ಮೇಲೆ ಬಿಸಿಲಿಗಿಟ್ಟು ಅವಳ ಪಕ್ಕದಲ್ಲೇ ಕುಳಿತೆ. ಅರ್ಧ ಗಂಟೆ ಆಗುವಷ್ಟರಲ್ಲಿ ತಿಳಿ ನೀರಿನ ನಡುವೆ ಜೇಡರ ನೂಲಿನಂಥದ್ದೊಂದು ಹುಟ್ಟಿ, ನಿಧಾನವಾಗಿ ದಪ್ಪವಾಗಿ, ಲೋಟದ ತಳಕ್ಕೆ ಇಳಿಯಿತು.

ರಾಜೀವಿ ನನ್ನ ಮೊಣಕಾಲು ಹಿಡಿದುಕೊಂಡಳು. "ಧೂಳು ಅಂತ ಹೇಳಿ. ಮಾವ ಹಾಸಿಗೆಯಲ್ಲಿದ್ದಾರೆ, ಅವ್ರನ್ನ ಉಪ್ಪಲ್ಲಿ ಹೇಗೆ ಕರ್ಕೊಂಡು ಹೋಗುದು? ನಾನು ದಿನಾ ಉಜ್ಜಿದ್ದೇನೆ ಚಂಚಲಕ್ಕ, ದೇವರಾಣೆ, ದಿನಾ. ಇದು ಗುಲಾಬಿಯ ಮನೆಯಿಂದ ಬಂದದ್ದು."

"ಗುಲಾಬಿಯ ಮನೆಯಿಂದ ಬರ್ಲಿಲ್ಲ," ಎಂದೆ. "ಅವಳದ್ದು ಧೂಳು."

ಅವಳ ಕೈ ಸಡಿಲವಾಯಿತು. "ನಿಮಗೆ ಅವತ್ತೇ ಗೊತ್ತಿತ್ತಾ?" ಎಂದು ಕೇಳಿದಳು. ನಾನು ಸೀರೆಯನ್ನು ತೊಟ್ಟಿಗೆ ಮತ್ತೆ ಹೊದಿಸಿ, ಯಾರಿಗೂ ಏನೂ ಹೇಳಬೇಡ ಎಂದು ಮನೆಗೆ ಬಂದೆ.

ರಾಜೀವಿಯ ನೀರು ನೇರವಾಗಿ ನನ್ನ ತೊಟ್ಟಿಗೆ ಬೀಳುತ್ತದೆ. ನನ್ನ ಕತೆಯೂ ಮುಗಿಯಿತು ಎಂದುಕೊಂಡೇ ಗಾಜಿನ ಮುಂದೆ ಕುಳಿತೆ. ಹಸಿರುಗಟ್ಟಿದ ಗಾಜು, ಮೂಲೆಯಲ್ಲಿ ಒಂದಿಷ್ಟು ಕೂದಲು ಪಾಚಿ, ಕಲ್ಲಿನ ಮೇಲೆ ದಪ್ಪ ದಪ್ಪ ಬಸವನಹುಳುಗಳು ಮೇಯುತ್ತಿದ್ದವು. ಒಂದೇ ಒಂದು ಎಳೆ ಇರಲಿಲ್ಲ. ಮೂರು ದಿನ ಕಾದೆ, ಆಗಲೂ ಇರಲಿಲ್ಲ. ನಾಲ್ಕನೇ ದಿನ ನನಗೆ ಹೊಳೆಯಿತು. ಎಳೆಲೋಳೆ ಕೊಳೆಯಿಂದ ಬರುವುದಲ್ಲ. ಉಳಿದ ಪಾಚಿಗಳಿಗೆ ತಿನ್ನಲು ಏನೂ ಉಳಿಯದಷ್ಟು ತೊಟ್ಟಿಯನ್ನು ತೊಳೆದಾಗ, ಖಾಲಿ ಬಿದ್ದ ಜಾಗಕ್ಕೆ ಬರುವುದು ಅದು. ಊರು ಅದಕ್ಕೆ ಹೆದರಿ ಹೆದರಿಯೇ ಅದಕ್ಕೆ ಜಾಗ ಮಾಡಿಕೊಟ್ಟಿತ್ತು.

ಐದನೇ ದಿನ ರಾಜೀವಿಯ ಮನೆಗೆ ಹೋದೆ. ಅವಳು ಭಯಕ್ಕೆ ತೊಟ್ಟಿಯ ಹತ್ತಿರವೂ ಸುಳಿದಿರಲಿಲ್ಲ. ಸೀರೆ ಸರಿಸಿದಾಗ ಎಳೆಗಳು ಮುಕ್ಕಾಲು ಪಾಲು ಇರಲಿಲ್ಲ. ಕತ್ತಲು ಅದಕ್ಕೆ ಆಗುವುದಿಲ್ಲ. ಹವಳ ಸ್ವಲ್ಪ ಬಿಳಿಚಿತ್ತು, ಸತ್ತಿರಲಿಲ್ಲ.

ಆಮೇಲೆ ಗುರಿಕಾರರ ಮನೆಗೆ ನಡೆದೆ. ಬೀದಿಯುದ್ದಕ್ಕೂ ಕಿಟಕಿಗಳಿಂದ ಒಳಗೆ ನೋಡುತ್ತ ಹೋದೆ. ಒಂದು ಮನೆಯ ತೊಟ್ಟಿಗೆ ಕಂಬಳಿ, ಒಂದಕ್ಕೆ ಪಂಚೆ, ಒಂದಕ್ಕೆ ಚಾಪೆ. ಹದಿನಾಲ್ಕು ಮನೆ ಎಣಿಸಿ ಎಣಿಸುವುದು ಬಿಟ್ಟೆ. ಗುರಿಕಾರರು ಬಾಗಿಲಲ್ಲೇ ನಿಂತಿದ್ದರು, ಒಳಗೆ ಬಾ ಎನ್ನಲಿಲ್ಲ.

"ನಿಮ್ಮ ತೊಟ್ಟಿ ನೋಡ್ಬೇಕಿತ್ತು," ಎಂದೆ.

"ನಮ್ಮದು ಸರಿ ಉಂಟು."

"ಬೆಡ್‌ಶೀಟ್ ಎಂತಕ್ಕೆ ಹೊದಿಸಿದ್ದು?"

ಒಳಗಿನಿಂದ ಅವರ ಹೆಂಡತಿಯ ದನಿ ಬಂತು. "ನೋಡ್ಲಿ ಬಿಡಿ. ಇನ್ನೆಷ್ಟು ದಿನ ಮುಚ್ಚಿಡುದು?"

ಗುರಿಕಾರರು ಪಕ್ಕಕ್ಕೆ ಸರಿದು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನಾನು ನೋಡಿ ಬಂದು ಅವರ ಪಕ್ಕ ಕುಳಿತೆ. ಎಲ್ಲವನ್ನೂ ಹೇಳಿದೆ. ಮೂರು ದಿನ ಎಲ್ಲರೂ ಬೆಳಕು ಬೀಳದಂತೆ ತೊಟ್ಟಿ ಮುಚ್ಚಲಿ, ಉಜ್ಜುವುದು ನಿಲ್ಲಲಿ, ಮೀನಿಗೆ ಹೊಟ್ಟೆ ತುಂಬ ಹಾಕಲಿ ಎಂದೆ. ಉಗ್ಗಪ್ಪಣ್ಣನ ಮನೆಯದು ಬರೀ ಧೂಳಾಗಿತ್ತು ಎಂಬುದನ್ನೂ ಹೇಳಿದೆ.

ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು. "ಆವತ್ತು ಹೇಳ್ಬೇಕಿತ್ತು ನೀನು."

"ಹೇಳ್ಬೇಕಿತ್ತು."

"ಹೇಳಿದ್ರೂ ನಾನು ಕೇಳ್ತಿದ್ದೆನೋ ಇಲ್ವೋ," ಎಂದು ಅವರು ಎದ್ದು ಒಳಗೆ ಹೋದರು. ನನ್ನನ್ನು ಸಮಾಧಾನ ಮಾಡಲೆಂದು ಹೇಳಿದ ಮಾತಲ್ಲ ಅದು, ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಊರು ಎರಡು ಸಲ ಮೂರು ಮೂರು ದಿನ ತೊಟ್ಟಿಗಳನ್ನು ಮುಚ್ಚಿತು. ಒಂಬತ್ತು ಮನೆಗಳಲ್ಲಿ ಹವಳ ಪೂರ್ತಿ ಸತ್ತಿತು. ಉಳಿದವು ಬದುಕಿದವು. ಯಾರ ಮನೆಯನ್ನೂ ಮುಚ್ಚಲಿಲ್ಲ. ನಿಯಮವನ್ನು ಯಾರೂ ತೆಗೆದುಹಾಕಲಿಲ್ಲ, ಯಾರೂ ಅದರ ಹೆಸರೆತ್ತಲಿಲ್ಲ, ಅಷ್ಟೇ. ಗುರಿಕಾರರ ತೊಟ್ಟಿಯ ಗಾಜು ಸೋರತೊಡಗಿದಾಗ ಮೇಣ ಮೆತ್ತಿಕೊಂಡರು. ಗಾಜು ಕೂರಿಸುವವರು ಊರಿನಲ್ಲಿ ಇರಲಿಲ್ಲ.

ಉಗ್ಗಪ್ಪಣ್ಣನನ್ನೂ ಗುಲಾಬಿಯನ್ನೂ ಕರೆತರುತ್ತೇನೆ ಎಂದು ನಾನೇ ಹೊರಟೆ. ಯಾರೂ ಬೇಡ ಎನ್ನಲಿಲ್ಲ, ಯಾರೂ ಜೊತೆಗೆ ಬರಲಿಲ್ಲ. ರಾಜೀವಿ ಮಾತ್ರ ಅವಲಕ್ಕಿಯ ಗಂಟೊಂದನ್ನು ಕೊಟ್ಟಳು. "ಗುಲಾಬಿಗೆ ಕೊಡಿ. ಅವಳಿಗೆ ಬೆಲ್ಲ ಹಾಕಿದ್ದು ಇಷ್ಟ."

ಉಪ್ಪಿನ ಬಯಲು ದೂರದಿಂದ ಹಾಸಿದ ಬಟ್ಟೆಯಂತೆ ಕಾಣುತ್ತದೆ. ನಡೆದರೆ ಹಾಗಿಲ್ಲ. ಮೇಲ್ಪದರ ಕಾಲಿಟ್ಟಲ್ಲಿ ಒಡೆದು, ಅದರ ಅಂಚು ಒಡೆದ ಮಡಕೆಯಂತೆ ಚರ್ಮ ಕೊಯ್ಯುತ್ತದೆ. ಗಾಯಕ್ಕೆ ಉಪ್ಪು ಇಳಿಯುತ್ತದೆ. ನಾನು ದಪ್ಪ ಚಪ್ಪಲಿ ಹಾಕಿ, ಎರಡೂ ಕಾಲಿಗೆ ಬಟ್ಟೆ ಸುತ್ತಿಕೊಂಡು ಹೋಗಿದ್ದೆ. ಆದರೂ ಮರುದಿನ ಮಧ್ಯಾಹ್ನ ಆಚೆ ದಡ ಸೇರುವಾಗ ಕಾಲು ನೆಲಕ್ಕೆ ಊರಲಾಗುತ್ತಿರಲಿಲ್ಲ. ಒಂದು ಕಾಲನ್ನು ಎಳೆದುಕೊಂಡು ನಡೆಯುವವಳಿಗೆ ಹೇಗಾಗಿರಬಹುದು ಎಂಬುದು ದಾರಿಯುದ್ದಕ್ಕೂ ನನ್ನ ಜೊತೆಗಿತ್ತು.

ಆಚೆ ದಡದಲ್ಲಿ ರಸ್ತೆ ಇದೆ, ಉಪ್ಪಿನ ಲಾರಿಗಳು ನಿಲ್ಲುವ ಜಾಗ, ಚಹಾದ ಅಂಗಡಿ. ಅದರ ಪಕ್ಕದ ತಗಡಿನ ಶೆಡ್ಡಿನಲ್ಲಿ ಉಗ್ಗಪ್ಪಣ್ಣ ಲಾರಿಯೊಂದರ ಮುಂದಿನ ಗಾಜಿಗೆ ರಬ್ಬರು ಕೂರಿಸುತ್ತಿದ್ದರು. ನನ್ನನ್ನು ನೋಡಿ ಕೈ ನಿಲ್ಲಿಸಿದರು, ಮುಖದಲ್ಲಿ ಏನೂ ಕಾಣಲಿಲ್ಲ. ಕೂರಲು ಡಬ್ಬ ತೋರಿಸಿ ಚಹಾ ತರಿಸಿದರು. ನನ್ನ ಕಾಲು ನೋಡಿ ಬಿಸಿನೀರು ತಂದು, "ಉಪ್ಪು ತೊಳೀರಿ ಮೊದ್ಲು. ಹಾಗೇ ಬಿಟ್ರೆ ಒಳಗೆ ಇಳೀತದೆ," ಎಂದರು.

"ಗುಲಾಬಿ ಎಲ್ಲಿ?" ಎಂದೆ. ಕೇಳುವಾಗಲೇ ಗೊತ್ತಿತ್ತು. ಶೆಡ್ಡಿನಲ್ಲಿ ಒಂದೇ ಚಾಪೆ, ಒಂದೇ ತಟ್ಟೆ.

"ಬಯಲು ದಾಟುವಾಗ್ಲೇ ಕಾಲು ಬಾತಿತ್ತು. ನಾನು ಹೊತ್ಕೊಂಡೆ, ಆದ್ರೆ ಅಷ್ಟು ಹೊತ್ತಿಗೆ ತಡವಾಗಿತ್ತು. ಜ್ವರ ಬಂತು. ಹದಿನಾರು ದಿನ ಇದ್ಲು ಇಲ್ಲಿ." ಅವರು ಗಾಜಿನ ಅಂಚನ್ನು ಬೆರಳಿನಿಂದ ಸವರುತ್ತಿದ್ದರು. "ಕೊನೆಯವರೆಗೂ ಒಂದೇ ಮಾತು. ಮರಳು ಸರಿ ತೊಳೀಲಿಲ್ಲ ನಾನು, ನನ್ನಿಂದ ರಾಜೀವಿಯ ಹವಳ ಸಾಯ್ತದೆ, ಎಲ್ಲರದ್ದೂ ಸಾಯ್ತದೆ ಅಂತ. ನಾನು ಅಲ್ಲ ಅಂದ್ರೆ ಕೇಳ್ತಿರ್ಲಿಲ್ಲ. ಚಂಚಲಕ್ಕನಿಗೇ ಅನುಮಾನ ಬಂದಿದೆ ಅಂದ್ರೆ ಏನೋ ಉಂಟು ಅಂತ ಹೇಳ್ತಿದ್ಲು."

ನಾನು ಅವಲಕ್ಕಿಯ ಗಂಟನ್ನು ನೆಲದ ಮೇಲಿಟ್ಟೆ. ಊರಿನಲ್ಲಿ ಆದದ್ದನ್ನೆಲ್ಲ ಹೇಳಿದೆ. ಅವರ ಮನೆಯ ಜೇಡಿ ಕಿತ್ತಿದ್ದಾರೆ, ನೀರು ಬಿಟ್ಟಿದ್ದಾರೆ, ಬನ್ನಿ ಎಂದೆ. ಉಗ್ಗಪ್ಪಣ್ಣ ಕೊನೆಯವರೆಗೂ ಕೇಳಿದರು. ಆಮೇಲೆ ಗಟ್ಟಿಯಾಗಿಯೂ ಅಲ್ಲ, ಸಿಟ್ಟಿನಿಂದಲೂ ಅಲ್ಲ, ಗಾಜಿನ ಅಳತೆ ಕೇಳುವ ಹಾಗೆ ಕೇಳಿದರು:

"ಮೊದಲ್ನೇ ಸಲ ಧೂಳು ಅಂತ ಹೇಳಿದ್ರಿ. ಎರಡ್ನೇ ಸಲ ಯಾಕೆ ಹೇಳ್ಲಿಲ್ಲ?"

ಇಪ್ಪತ್ತೆರಡು ವರ್ಷದಲ್ಲಿ ಯಾವ ಪ್ರಶ್ನೆಗೂ ನನಗೆ ಅಷ್ಟು ಖಚಿತವಾಗಿ ಉತ್ತರ ಗೊತ್ತಿರಲಿಲ್ಲ.

"ಹೆದರಿದೆ," ಎಂದೆ. "ನನ್ನ ಮನೆಗೆ ಹೆದರಿದೆ."

ಅವರು ತಲೆಯಾಡಿಸಿದರು. ಕೈ ಒರೆಸಿಕೊಂಡು, "ಬನ್ನಿ," ಎಂದು ಶೆಡ್ಡಿನ ಹಿಂದೆ ಕರೆದುಕೊಂಡು ಹೋದರು. ರಸ್ತೆಗೆ ಹತ್ತಿರದಲ್ಲೇ, ಒಂದು ಗಾಳಿಮರದ ಕೆಳಗೆ ಮಣ್ಣಿನ ದಿಬ್ಬ. ಅದರ ಸುತ್ತ ಒಡೆದ ಗಾಜಿನ ತುಂಡುಗಳನ್ನು, ಅಂಚು ಯಾರಿಗೂ ತಾಗದಂತೆ ತಿಕ್ಕಿ ನುಣುಪು ಮಾಡಿ, ಸಾಲಾಗಿ ಹುಗಿದಿದ್ದರು.

"ಅವಳಿಗೆ ಹೇಳಿ," ಎಂದರು. "ನಾನು ಹೇಳಿದ್ರೆ ನಂಬುದಿಲ್ಲ. ನೀವು ಹೇಳಿ. ಖಂಡಿತ ಅಂತ ಹೇಳ್ಲಿಕ್ಕೆ ಆಗುದಿಲ್ಲ ಅಂತ ಮಾತ್ರ ಹೇಳ್ಬೇಡಿ."

ನಾನು ಆ ದಿಬ್ಬದ ಮುಂದೆ ಕುಳಿತೆ.

"ಧೂಳು, ಗುಲಾಬಿ," ಎಂದೆ. "ಬರೀ ಧೂಳು. ನೀನು ಮರಳು ಸರಿಯಾಗೇ ತೊಳೆದಿದ್ದಿ."

ರಸ್ತೆಯಲ್ಲಿ ಲೋಡು ಹೊತ್ತ ಲಾರಿಯೊಂದು ಹಾದುಹೋಯಿತು. ಅದರ ಸದ್ದು ದೂರ ಹೋಗಿ ಅಡಗುವವರೆಗೆ ಉಗ್ಗಪ್ಪಣ್ಣ ನಿಂತು ಕಾದರು.

"ಕೇಳ್ಲಿಲ್ಲ," ಎಂದರು. "ಇನ್ನೊಮ್ಮೆ ಹೇಳಿ."

ನಾನು ಇನ್ನೊಮ್ಮೆ ಹೇಳಿದೆ.